ಸೂರಪ್ಪನ ಬಲಗಾಲು

ಆ ಹಳದಿ ದೀಪವನ್ನು ಆರಿಸಲು ನಿಂಗರಾಜುವಿಗೆ ಹಿಡಿದದ್ದು ಒಂದು ಚಹಾ ಕುಡಿಯುವಷ್ಟು ಹೊತ್ತು. ಒಂದೂವರೆ ಗೇಣು ಕೆಂಪು ವೈರು, ಎರಡು ಕಡೆ ಬೆಸುಗೆ, ಮೇಲೆ ಎರಡು ಸುತ್ತು ಕರಿ ಟೇಪು. ಕೆಲಸ ಮುಗಿಸಿ ಕೈ ಒರೆಸಿಕೊಂಡು ಲೋಟ ಎತ್ತಿದಾಗ ಚಹಾ ಇನ್ನೂ ಉಗುರು ಬೆಚ್ಚಗಿತ್ತು. ಅಷ್ಟು ಸಲೀಸಾಗಿ ಮಾಡಿದ ಕೆಲಸವೊಂದು ಅವನ ನಿದ್ದೆ, ಊಟ, ನಗು ಎಲ್ಲವನ್ನೂ ನುಂಗಿ ಕೂತಿತು ಎಂದರೆ ಅವನೇ ನಂಬುತ್ತಿರಲಿಲ್ಲ.

ನಿಂಗರಾಜುವಿನ ಅಂಗಡಿ ದಾವಣಗೆರೆಯ ಆನೆಕೊಂಡದಲ್ಲಿ, ಒಂದು ಹಳೇ ಗೋಡೌನಿನ ಪಕ್ಕ. ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಅವನ ಕಸುಬು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಾಡಿ ಬಂದು ನಿಲ್ಲುವ ಮೊದಲೇ ಅದರ ಯಾವ ದೀಪ ಯಾಕೆ ಕೆಟ್ಟಿದೆ ಎಂದು ಹೇಳಿಬಿಡುತ್ತಾನೆ ಎಂಬ ಹೆಸರಿತ್ತು. ಆ ಹೆಸರಿನ ಮೇಲೆ ಅವನಿಗೆ ಸ್ವಲ್ಪ ಹೆಚ್ಚೇ ಪ್ರೀತಿಯೂ ಇತ್ತು.

ಅವನಿಗೆ ಈ ಅಂಗಡಿ ಹಾಕಿಕೊಟ್ಟವನು ಭಾವ ಸೂರಪ್ಪ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅಕ್ಕ ಕಮಲಕ್ಕನನ್ನು ಮದುವೆಯಾಗಿ ಹರಿಹರದ ಹತ್ತಿರದ ಗುತ್ತೂರಿಗೆ ಕರೆದೊಯ್ದಾಗ, ತಾಯಿಯಿಲ್ಲದ ಹತ್ತು ವರ್ಷದ ನಿಂಗರಾಜುವನ್ನೂ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಹೋದವನು. "ಹೆಣ್ಣಿನ ಜೊತಿಗೆ ಬಳುವಳಿ ಬಂತಲ್ಲೋ" ಎಂದು ಊರವರು ಕಾಲೆಳೆದರೆ, "ಹೌದಪ್ಪ, ಬೇರೆ ಏನೂ ಬ್ಯಾಡ ಅಂದಿದ್ದೆ, ಇದೊಂದು ಸಿಕ್ತು ನೋಡು" ಎಂದು ನಕ್ಕಿದ್ದನಂತೆ. ಅವನೇ ಓದಿಸಿದ, ಐಟಿಐ ಸೇರಿಸಿದ, ಅಂಗಡಿ ಬಾಗಿಲಿಗೆ ಮೊದಲ ತೆಂಗಿನಕಾಯಿ ಒಡೆದ. ಎಲ್ಲಿ ಹೋದರೂ, ಯಾರು ಸಿಕ್ಕರೂ, ನಿಂಗರಾಜುವಿನ ಹೆಗಲ ಮೇಲೆ ಕೈ ಹಾಕಿ, "ಇವ ನಮ್ಮ ಮನಿ ಹುಡುಗ. ದೊಡ್ಡ ಎಲೆಕ್ಟ್ರಿಷಿಯನ್ನು" ಎಂದು ಹೇಳದೆ ಬಿಡುತ್ತಿರಲಿಲ್ಲ. ಹುಡುಗನಿಗೆ ಮೂವತ್ತು ದಾಟಿದರೂ ಆ ಮಾತು ಬದಲಾಗಲಿಲ್ಲ.

ಸೂರಪ್ಪ ಲಾರಿ ಓಡಿಸಲು ಶುರು ಮಾಡಿ ಮೂವತ್ತೆರಡು ವರ್ಷ. ಅದರಲ್ಲಿ ಕೊನೆಯ ಒಂಬತ್ತು ವರ್ಷ ದಾವಣಗೆರೆಯ ಶಿವಯೋಗಪ್ಪನವರ ಲಾರಿಯಲ್ಲಿ. ಈಗ ಹಳತಾಗಿದ್ದರೂ, ಅದು ಶೋರೂಮಿನಿಂದ ಬಂದಾಗ ಸೂರಪ್ಪ ಓಡಿಸಿದ ಮೊದಲ ಎಬಿಎಸ್ ಗಾಡಿ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ನಿಂತು ಗಾಡಿ ಜಾರದಂತೆ, ಬ್ರೇಕನ್ನು ತಾನೇ ಗಳಿಗೆಗೊಮ್ಮೆ ಬಿಟ್ಟು ಹಿಡಿಯುವ ಏರ್ಪಾಡು ಅದು. ಅದಕ್ಕೆ ಮೊದಲು ಆ ಕೆಲಸವನ್ನು ಡ್ರೈವರನ ಕಾಲೇ ಮಾಡಬೇಕಿತ್ತು. ಒದ್ದೆ ರಸ್ತೆಯಲ್ಲಿ ಬಿಟ್ಟು ಬಿಟ್ಟು ತುಳಿಯುವುದರಲ್ಲಿ ಸೂರಪ್ಪನ ಬಲಗಾಲಿಗೆ ಸರಿಸಾಟಿ ಇರಲಿಲ್ಲ ಎಂದು ಅವನ ವಾರಿಗೆಯ ಡ್ರೈವರುಗಳು ಈಗಲೂ ಹೇಳುತ್ತಾರೆ.

ಹೊಸ ಗಾಡಿ ಬಂದ ದಿನ ಪಾಠ ಹೇಳಿಕೊಟ್ಟವನು ನಿಂಗರಾಜುವೇ.

"ಭಾವ, ಇದರಾಗ ಬಿಟ್ಟು ಬಿಟ್ಟು ತುಳಿಯಂಗಿಲ್ಲ. ತುಳಿದ್ರ ತುಳಿದಂಗೇ ಒತ್ತಿ ಹಿಡೀಬೇಕು. ಬಿಡೋದು ಹಿಡಿಯೋದು ಎಲ್ಲಾ ಅದೇ ನೋಡ್ಕೊಂತೈತೆ."

"ಅದಕ್ಕೇನು ಕಾಲು ಐತೇನಪ?"

"ಕಾಲಿಲ್ಲ, ತಲಿ ಐತೆ. ನಿಮ್ಮ ಕಾಲು ಸುಮ್ಕಿದ್ರ ಸಾಕು. ನಡುವ ಎತ್ತಿದ್ರಿ ಅಂದ್ರ ಅದರ ಲೆಕ್ಕ ತಪ್ತೈತೆ. ಇಲ್ನೋಡ್ರಿ, ಈ ಹಳದಿ ದೀಪ. ಕೀಲಿ ತಿರುವಿದಾಗ ಹತ್ತಬೇಕು, ಆಮ್ಯಾಲೆ ಆರಬೇಕು. ಆರ್ತು ಅಂದ್ರ ಎಲ್ಲಾ ಸರಿ ಐತೆ. ಆರಲಿಲ್ಲ ಅಂದ್ರ ಮಾತ್ರ ನಿಮ್ಮ ಹಳೇ ಕಾಲೇ ಗತಿ."

ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟವಾಯಿತು. ಸೂರಪ್ಪ ಭಾನುವಾರಗಳಂದು ಖಾಲಿ ಲಾರಿಯನ್ನು ಶಾಮನೂರಿನಾಚೆಯ ಬಯಲಿಗೆ ಒಯ್ದು ಓಡಿಸಿ ನಿಲ್ಲಿಸಿ ಓಡಿಸಿ ನಿಲ್ಲಿಸಿ ಅಭ್ಯಾಸ ಮಾಡಿದ. ಕಾಲು ತಾನಾಗಿಯೇ ಎದ್ದಾಗಲೆಲ್ಲ ತೊಡೆಗೆ ಫಟ್ ಎಂದು ತಾನೇ ಹೊಡೆದುಕೊಳ್ಳುತ್ತಿದ್ದ. ಎರಡು ತಿಂಗಳಿಗೆ ಕಾಲು ಮಾತು ಕೇಳಿತು. ಅಂದಿನಿಂದ ದಿನಾ ಬೆಳಿಗ್ಗೆ ಅವನದೊಂದು ಪದ್ಧತಿ: ಕೀಲಿ ತಿರುಗಿಸಿ, ಹಳದಿ ದೀಪಕ್ಕೆ ಕೈ ಮುಗಿದು, ಅದು ಆರಿದ್ದನ್ನು ನೋಡಿಯೇ ಗೇರು ಹಾಕುವುದು. ಜೊತೆಯ ಡ್ರೈವರುಗಳು, "ಸೂರಪ್ಪನ ಮನೆದೇವ್ರು ಕಣ್ಣು ಮುಚ್ಚಿಲ್ಲ, ಗಾಡಿ ಹೊರಡಂಗಿಲ್ಲ" ಎಂದು ಚೇಷ್ಟೆ ಮಾಡುತ್ತಿದ್ದರು.

ಕಳೆದ ಆಗಸ್ಟಿನಲ್ಲಿ ಆ ದೇವರು ಕಣ್ಣು ಮುಚ್ಚದೆ ಹಟ ಹಿಡಿಯಿತು. ಸೂರಪ್ಪನೇ ಗಾಡಿಯನ್ನು ಅಂಗಡಿಗೆ ತಂದ. "ಮೂರು ದಿನ ಆತು ನಿಂಗಾ, ದೀಪ ಆರವಲ್ದು. ಹಳೇ ಕಾಲಿನ್ಯಾಗೇ ಓಡಿಸ್ಕೊಂಡು ಬಂದೀನಿ. ನೋಡು ಏನಾಗೈತೆ" ಎಂದು ಕೀಲಿ ಕೊಟ್ಟು, ಬಟ್ಟೆ ಬದಲಿಸಿ ಬರಲು ಬಸ್ಸು ಹತ್ತಿ ಗುತ್ತೂರಿಗೆ ಹೋದ.

ನಿಂಗರಾಜು ಅರ್ಧ ಗಂಟೆಯಲ್ಲಿ ಕಂಡುಹಿಡಿದ. ಹಿಂದಿನ ಎಡಗಡೆ ಚಕ್ರದ ಸೆನ್ಸರ್ ಸತ್ತಿತ್ತು. ಆ ಚಕ್ರದ ಸುದ್ದಿ ಬರದೆ ಎಬಿಎಸ್ ಕೈ ಚೆಲ್ಲಿ ಕೂತಿತ್ತು. ಬರಿ ಬ್ರೇಕಿಗೆ ಏನೂ ಆಗಿರಲಿಲ್ಲ. ಸೆನ್ಸರ್ ಊರಲ್ಲಿ ಎಲ್ಲೂ ಸಿಗಲಿಲ್ಲ. ಹುಬ್ಬಳ್ಳಿಯಿಂದ ಬರಲು ಒಂದು ವಾರ ಎಂದರು. ಅಷ್ಟರಲ್ಲಿ ಶಿವಯೋಗಪ್ಪನವರು ಸ್ಕೂಟರಿನಲ್ಲಿ ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಸದಾ ಅವಸರ.

"ಅಲ್ಲೋ ಮಾರಾಯ, ನಾಳಿ ಗಾಡಿ ಆರ್‌ಟಿಓ ಮುಂದ ಎಫ್‌ಸಿಗೆ ನಿಲ್ಲಬೇಕು. ದೀಪ ಉರ್ಕೊಂತ ಹೋದ್ರ ವಾಪಸ್ ಕಳಿಸ್ತಾರೆ. ಏನಾರ ಮಾಡು. ನಿನ್ನ ಕೈಯಾಗ ಆಗದ್ದು ಅಂತ ಒಂದು ಐತೇನು?"

ಆ ಕೊನೆಯ ಮಾತು ನಿಂಗರಾಜುವಿಗೆ ಸರಿಯಾಗಿ ನಾಟಿತು. ಬಲ್ಬು ಕಿತ್ತರೆ ನಡೆಯುವುದಿಲ್ಲ. ತಪಾಸಣೆ ಮಾಡುವವರು ದೀಪ ಮೊದಲು ಹತ್ತುವುದನ್ನೂ ನೋಡುತ್ತಾರೆ, ಆಮೇಲೆ ಆರುವುದನ್ನೂ ನೋಡುತ್ತಾರೆ. ಅವನು ಎಬಿಎಸ್ ದೀಪದ ವೈರನ್ನು ಅದರ ಜಾಗದಿಂದ ಬಿಡಿಸಿ, ಪಕ್ಕದ ಆಯಿಲ್ ದೀಪಕ್ಕೆ ಒಂದು ತುಂಡು ಕೆಂಪು ವೈರಿನಿಂದ ಜೋಡಿಸಿದ. ಆಯಿಲ್ ದೀಪ ಕೀಲಿ ತಿರುಗಿಸಿದಾಗ ಹತ್ತುತ್ತದೆ, ಎಂಜಿನ್ ಶುರುವಾದೊಡನೆ ಆರುತ್ತದೆ. ಇನ್ನು ಹಳದಿ ದೀಪವೂ ಅದರ ಬಾಲ ಹಿಡಿದು ಹತ್ತಿ ಆರುವುದು. ಎಂಟು ದಿನದ ಮಟ್ಟಿಗೆ ತಾನೇ, ಸೆನ್ಸರ್ ಬಂದ ಕೂಡಲೇ ಸರಿ ಮಾಡಿದರಾಯಿತು ಎಂದುಕೊಂಡ.

ಮರುದಿನ ಸೂರಪ್ಪ ಬಂದು ಕೀಲಿ ತಿರುಗಿಸಿದ. ದೀಪ ಹತ್ತಿತು, ಆರಿತು.

"ಏನಾಗಿತ್ತೋ?"

ನಿಜ ಹೇಳಬಹುದಿತ್ತು. ಹೇಳಿದ್ದರೆ ಭಾವ ಒಪ್ಪುತ್ತಿರಲಿಲ್ಲ, ಶಿವಯೋಗಪ್ಪನವರೊಂದಿಗೆ ಜಗಳಕ್ಕೆ ನಿಲ್ಲುತ್ತಿದ್ದ, ಮೇಲಾಗಿ ನಿಂಗರಾಜುವಿನ ಕೈಯಲ್ಲೂ ಆಗದ ಕೆಲಸವೊಂದಿದೆ ಎಂದಾಗುತ್ತಿತ್ತು.

"ಏನಿಲ್ರಿ ಭಾವ, ರಿಪೇರಿ ಆತು."

ಸೂರಪ್ಪ ದೀಪಕ್ಕೊಮ್ಮೆ ಕೈ ಮುಗಿದ. ಆಮೇಲೆ ನಗುತ್ತಾ ಬಾಮೈದನ ಕಡೆ ತಿರುಗಿ ಅವನಿಗೂ ಒಮ್ಮೆ ಮುಗಿದು ಗೇರು ಹಾಕಿದ. ನಿಂಗರಾಜು ಲಾರಿಯ ಹಿಂದೆ ಎರಡು ಹೆಜ್ಜೆ ಹಾಕಿದ, ಆದರೆ ಆಗಲೇ ಒಂದು ಟ್ರ್ಯಾಕ್ಟರು ಬಂದು ನಿಂತಿತ್ತು.

ಸೆನ್ಸರ್ ಹತ್ತನೇ ದಿನಕ್ಕೆ ಬಂತು. ಅಷ್ಟರಲ್ಲಿ ಲಾರಿ ಅಕ್ಕಿ ಹೊತ್ತು ತಮಿಳುನಾಡಿನ ಕಡೆ ಹೋಗಿತ್ತು. ಬಂದಾಗ ನಿಂಗರಾಜು ಯಾರದೋ ಮದುವೆಗೆ ಹೋಗಿದ್ದ. ಸೆನ್ಸರಿನ ಡಬ್ಬಿ ದೇವರ ಪಟದ ಪಕ್ಕದ ಹಲಗೆ ಏರಿತು. ಅಲ್ಲಿ ಇಟ್ಟರೆ ಮರೆಯುವುದಿಲ್ಲ ಎಂದು ಇಟ್ಟದ್ದು; ದಿನಾ ಕಣ್ಣಿಗೆ ಬಿದ್ದು ಬಿದ್ದು ಅದು ಪಟದಷ್ಟೇ ಹಳೆಯದಾಯಿತು.

ಆಯುಧಪೂಜೆಯ ದಿನ ಲಾರಿ ತಾನಾಗಿಯೇ ಬಾಗಿಲಿಗೆ ಬಂತು. ಪ್ರತಿ ವರ್ಷದಂತೆ ಸೂರಪ್ಪ ಅದನ್ನು ತೊಳೆದು, ಬಾಳೆಕಂದು ಕಟ್ಟಿ, ಮೊದಲ ಪೂಜೆ ಬಾಮೈದನ ಅಂಗಡಿಯ ಮುಂದೆಯೇ ಆಗಬೇಕೆಂದು ತಂದಿದ್ದ. ನಿಂಗರಾಜು ಊದುಬತ್ತಿ ಹಚ್ಚಲು ಪಟದ ಕಡೆ ಹೋದಾಗ ಡಬ್ಬಿ ಕಂಡಿತು. ಇವತ್ತೇ ಹಾಕಿಬಿಡಲೇ ಅಂದುಕೊಂಡ. ಆದರೆ ಸ್ಪ್ಯಾನರು, ಟೆಸ್ಟರು, ಬೆಸುಗೆ ಕಡ್ಡಿ ಎಲ್ಲವೂ ಹಲಗೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು, ಹೂವು ಮುಡಿದುಕೊಂಡು ಪೂಜೆಗೆ ಕೂತಿದ್ದವು. ಪೂಜೆಗಿಟ್ಟ ಹತಾರವನ್ನು ಅಂದು ಮುಟ್ಟುವ ಪದ್ಧತಿ ಇಲ್ಲ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಹಾಕಿಬಿಡುವುದೆಂದು ನಿಶ್ಚಯಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಭಾವನ ಗಾಡಿಗೆ ಯಾವ ಕೇಡೂ ಬರದಿರಲಿ ಎಂದು ಬೇಡಿಕೊಂಡ. ಆ ಬೇಡಿಕೆ ನೆನಪಾದಾಗಲೆಲ್ಲ ಈಗ ಅವನಿಗೆ ನಾಚಿಕೆಯಿಂದ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಅವನು ಬರುವಷ್ಟರಲ್ಲಿ ಲಾರಿ ಲೋಡಿಗೆ ಹೋಗಿಯಾಗಿತ್ತು.

ಒಂಬತ್ತು ದಿನ ಕಳೆದು, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ಸೂರಪ್ಪ ಹರಿಹರದಲ್ಲಿ ಲೋಡು ಇಳಿಸಿ ಖಾಲಿ ಗಾಡಿ ಹೊಡೆದುಕೊಂಡು ದಾವಣಗೆರೆಗೆ ಬರುತ್ತಿದ್ದ. ಆಗಷ್ಟೇ ಮಳೆ ಹನಿಯಲು ಶುರುವಾಗಿತ್ತು. ಗುತ್ತೂರಿನ ತಿರುವಿನಲ್ಲಿ ಒಂದು ಆಟೋ ಹಿಂದೆ ಮುಂದೆ ನೋಡದೆ ಅಡ್ಡ ನುಗ್ಗಿತು. ಸೂರಪ್ಪ ಬ್ರೇಕ್ ಒತ್ತಿದ. ಆಟೋ ಪಾರಾಯಿತು, ಆದರೆ ಲಾರಿಯ ಹಿಂಭಾಗ ಎಡಕ್ಕೆ ಜಾರಿ, ಪಕ್ಕದಲ್ಲಿ ಬರುತ್ತಿದ್ದ ಬೈಕಿಗೆ ಬಡಿಯಿತು. ಬೈಕಿನಲ್ಲಿದ್ದವನು ಬಸವಕಿರಣ್, ಇಪ್ಪತ್ತಾರರ ಹುಡುಗ, ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸದವನು, ಶಿಫ್ಟು ಮುಗಿಸಿ ಹರಿಹರದ ಮನೆಗೆ ಹೋಗುವ ಮೊದಲು ಪೆಟ್ರೋಲು ಹಾಕಿಸಲು ಹೊರಟಿದ್ದ. ಬಲಗಾಲು ಎರಡು ಕಡೆ ಮುರಿಯಿತು. ಜೀವ ಉಳಿಯಿತು.

ನಿಂಗರಾಜು ಆಸ್ಪತ್ರೆಗೆ ಓಡಿದಾಗ ಸೂರಪ್ಪ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅಂಗಿ ಒದ್ದೆ, ತೋಳಿನ ಮೇಲೆ ಆ ಹುಡುಗನ ರಕ್ತ. ತಲೆ ಎತ್ತಿ ಕೇಳಿದ ಮೊದಲ ಮಾತು ಇದು:

"ನಿಂಗಾ, ಗಾಡಿ ಸರಿ ಇತ್ತಲ್ಲ?"

ಹಲಗೆಯ ಮೇಲಿನ ಡಬ್ಬಿ ನಿಂಗರಾಜುವಿನ ಕಣ್ಣ ಮುಂದೆ ಬಂತು.

"ಸರಿ ಇತ್ರಿ ಭಾವ."

"ಹಂಗಾರ ನನ್ನ ಕಾಲೇ" ಎಂದ ಸೂರಪ್ಪ.

ಪೊಲೀಸರು ಹಿಡಿದಿಟ್ಟ ಗಾಡಿಯ ತಪಾಸಣೆಯೂ ಆಯಿತು. ಬ್ರೇಕ್ ಒತ್ತಿದರು, ಹಿಡಿಯಿತು. ಕೀಲಿ ತಿರುಗಿಸಿದರು, ದೀಪ ಹತ್ತಿ ಆರಿತು. ಯಾಂತ್ರಿಕ ದೋಷ ಇಲ್ಲ ಎಂದು ಬರೆದರು. ಬಿಡುಗಡೆಯಾದ ಲಾರಿ ಒಡೆದ ಹಿಂದಿನ ಲೈಟು ಹಾಕಿಸಿಕೊಳ್ಳಲು ನಿಂಗರಾಜುವಿನ ಅಂಗಡಿಗೇ ಬಂತು. ಅವನು ಯಾರಿಗೂ ಹೇಳದೆ ಹೊಸ ಸೆನ್ಸರ್ ಕೂರಿಸಿ, ಕೆಂಪು ವೈರು ಕಿತ್ತು, ದೀಪವನ್ನು ಅದರ ಸ್ವಂತ ಜಾಗಕ್ಕೆ ಜೋಡಿಸಿದ. ಇನ್ನು ಯಾರು ಬಂದು ಹುಡುಕಿದರೂ ಏನೂ ಸಿಗದು. ಅಷ್ಟು ಅಚ್ಚುಕಟ್ಟಾಗಿ ತಪ್ಪನ್ನು ಅಳಿಸಿದ ಮೇಲೆ, ಆ ವೈರಿನ ತುಂಡನ್ನು ಎಸೆಯಲು ಮಾತ್ರ ಅವನ ಕೈ ಬರಲಿಲ್ಲ. ಸತ್ತ ಸೆನ್ಸರಿನ ಜೊತೆ ಅದನ್ನೂ ಹೊಸ ಸೆನ್ಸರಿನ ಖಾಲಿ ಡಬ್ಬಿಗೆ ಹಾಕಿ ಮುಚ್ಚಿದ.

ಅಂದಿನಿಂದ ಪ್ರತಿ ಭಾನುವಾರ ಆ ಡಬ್ಬಿಯನ್ನು ಬೈಕಿನ ಚೀಲದಲ್ಲಿಟ್ಟುಕೊಂಡು ಗುತ್ತೂರಿಗೆ ಹೊರಡುತ್ತಿದ್ದ. ಇವತ್ತು ಹೇಳಿಬಿಡುವುದೇ ಎಂದುಕೊಂಡು ಅಕ್ಕನ ಮನೆ ಹೊಕ್ಕುತ್ತಿದ್ದ. ಉಂಡು, ಏನೇನೋ ಮಾತಾಡಿ, ಹಾಗೆಯೇ ಎದ್ದು ಬರುತ್ತಿದ್ದ. ಡಬ್ಬಿ ಹತ್ತು ಸಲ ಗುತ್ತೂರಿಗೆ ಹೋಗಿ ಹತ್ತು ಸಲ ಆನೆಕೊಂಡಕ್ಕೆ ವಾಪಸಾಯಿತು.

ಮೊದಲ ಭಾನುವಾರವೇ ಅವನು ಆ ಇಟ್ಟಿಗೆಯನ್ನು ನೋಡಿದ್ದ. ಪಡಸಾಲೆಯ ಗೋಡೆಗೆ ಓರೆಯಾಗಿ ಒಂದು ಇಟ್ಟಿಗೆ ಒರಗಿಸಿ, ಅದರ ಎದುರು ಕುರ್ಚಿ ಹಾಕಿಕೊಂಡು, ಸೂರಪ್ಪ ಬಲಗಾಲಿನಿಂದ ಅದನ್ನು ಒತ್ತಿ ಹಿಡಿದಿದ್ದ. ತುಟಿಯಲ್ಲೇ ನೂರರವರೆಗೆ ಎಣಿಸುವುದು. ಬಿಡುವುದು. ಮತ್ತೆ ಒತ್ತುವುದು.

"ಏನ್ರಿ ಭಾವ ಇದು?"

"ಕಾಲಿಗೆ ಬುದ್ಧಿ ಕಲಿಸಾಕತ್ತೀನಿ" ಎಂದಿದ್ದ ಸೂರಪ್ಪ, ನಗದೆ.

ಕಮಲಕ್ಕ ಗಂಡನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಳು. ಕಣ್ಣು ಚೆನ್ನಾಗಿದೆ ಎಂದರು. ಹಾಗಾದರೆ ವಯಸ್ಸೇ ಆಯಿತು ಎಂದು ಅವಳೇ ತೀರ್ಮಾನಿಸಿದಳು. ಶಿವಯೋಗಪ್ಪನವರು ಬೇರೆ ಡ್ರೈವರನನ್ನು ಇಟ್ಟುಕೊಂಡರು. ಸೂರಪ್ಪ ಯಾರ ಮಾತಿಗೂ ಎದುರಾಡಲಿಲ್ಲ. ಬೆಳಿಗ್ಗೆ ಎದ್ದು, ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ಪಲ್ಯದ ಬುತ್ತಿ ಹಿಡಿದು, ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಬಸವಕಿರಣನ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಹುಡುಗನ ತಾಯಿ ಉಡಚಮ್ಮ ಮೊದಲ ವಾರ ಬಾಗಿಲನ್ನೇ ತೆಗೆಯಲಿಲ್ಲ. ಎರಡನೇ ವಾರ ಬುತ್ತಿಯನ್ನು ಹೊಸ್ತಿಲಲ್ಲೇ ತೆಗೆದುಕೊಂಡಳು. ಆಮೇಲೆ ಒಳಗೆ ಕರೆದಳು. ಈಗ ಹುಡುಗನನ್ನು ವಾಕರ್ ಹಿಡಿಸಿ ಅಂಗಳದಲ್ಲಿ ನಡೆಸುವುದೂ ಸೂರಪ್ಪನೇ. ಇದನ್ನೆಲ್ಲ ಕಮಲಕ್ಕ ಬಡಿಸುತ್ತಾ ಹೇಳುತ್ತಿದ್ದಳು. ನಿಂಗರಾಜು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ತನ್ನ ಪಾಪದ ಬುತ್ತಿಯನ್ನು ಭಾವ ಹೊರುತ್ತಿದ್ದಾನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ. ಅವನು ಹೇಡಿ, ಬೇರೆ ಮಾತಿಲ್ಲ.

ಡಿಸೆಂಬರಿನ ಕೊನೆಯ ಭಾನುವಾರ ಹೋದಾಗ ಬಾಗಿಲ ಹಿಂದಿನ ಗೂಟಕ್ಕೆ ಸೂರಪ್ಪನ ಬಿಳಿ ಅಂಗಿ ಇಸ್ತ್ರಿಯಾಗಿ ನೇತಾಡುತ್ತಿತ್ತು. ಸೋಮವಾರ ಹರಿಹರದ ಕೋರ್ಟಿನಲ್ಲಿ ಕೇಸು.

"ನಾಳೆ ತಪ್ಪು ಒಪ್ಕೊಂಬಿಡ್ತೀನಿ" ಎಂದ ಸೂರಪ್ಪ, ಇಟ್ಟಿಗೆಯ ಮೇಲೆ ಕಾಲಿಟ್ಟೇ. "ಅಜಾಗರೂಕತೆ ಅಂತ ಬರದಾರೆ. ಬರದದ್ದು ಖರೇನೇ ಐತೆ. ಲೈಸೆನ್ಸು ಹೋದ್ರೆ ಹೋಗ್ಲಿ, ಈ ಕಾಲು ಇಟ್ಕೊಂಡು ನಾ ಇನ್ನ ಸ್ಟೇರಿಂಗು ಮುಟ್ಟಂಗಿಲ್ಲ."

ಕಮಲಕ್ಕ ಅಡುಗೆ ಮನೆಯಲ್ಲಿದ್ದಳು. ನಿಂಗರಾಜುವಿನ ಮುಂದೆ ತಟ್ಟೆ ಇತ್ತು.

"ಯಾರಿಗೂ ಹೇಳಿಲ್ಲ ನಿಂಗಾ, ನಿನಗೊಬ್ಬಗೆ ಹೇಳ್ತೀನಿ" ಎಂದು ಸೂರಪ್ಪ ದನಿ ತಗ್ಗಿಸಿದ. "ಆವತ್ತು ನೀ ಹೇಳಿಕೊಟ್ಟಂಗೇ ಒತ್ತಿ ಹಿಡಿದೆ. ಆದ್ರೂ ಹಿಂದ ಸರ್ ಅಂತ ಜಾರಾಕತ್ತು. ಎಬಿಎಸ್ ನೋಡ್ಕೊಂತೈತೆ ಅಂತ ಇನ್ನೂ ಒತ್ತಿದೆ. ಆ ಹುಡುಗ ಎಡಗಡೆ ಕನ್ನಡಿಯಾಗ ಕಂಡ. ಹಿಂದಿನ ಗಾಲಿ ಅವನ ಮ್ಯಾಲೇ ಹೊಂಟಿತ್ತು. ಆವಾಗ ಈ ಹಾಳಾದ ಕಾಲು ಎದ್ದುಬಿಡ್ತು. ನಾ ಎತ್ತಲಿಲ್ಲ, ತಾನೇ ಎದ್ದಿತು. ಎರಡು ಸಲ ಬಿಟ್ಟು ಬಿಟ್ಟು ತುಳೀತು, ಹಳೇ ಗಾಡಿ ಅಂತ ತಿಳ್ಕಂಡು. ಎತ್ತಬ್ಯಾಡ್ರಿ ಅಂತ ನೀ ಅಂದಿದ್ದಿ. ಎತ್ತದೆ ಹಿಡ್ಕಂಡಿದ್ರ ಆ ಹುಡುಗನ ಕಾಲು ಉಳೀತಿತ್ತು."

ಇಟ್ಟಿಗೆಯ ಅರ್ಥ ನಿಂಗರಾಜುವಿಗೆ ಆಗ ಆಯಿತು. ಹತ್ತು ವಾರ ಈ ಮನುಷ್ಯ ನೂರು ನೂರು ಎಣಿಸುತ್ತಾ ಶಿಕ್ಷೆ ಕೊಡುತ್ತಿದ್ದದ್ದು ಯಾವ ಕಾಲಿಗೆ? ಎಬಿಎಸ್ ಸತ್ತ ಗಾಡಿಯಲ್ಲಿ ಒತ್ತಿ ಹಿಡಿದಷ್ಟೂ ಚಕ್ರ ಕಚ್ಚಿಕೊಂಡು ಜಾರುತ್ತದೆ. ಕಾಲು ಎದ್ದ ಆ ಎರಡು ಗಳಿಗೆಯಲ್ಲಿ ಚಕ್ರ ಉರುಳಿ, ರಸ್ತೆ ಹಿಡಿದು, ಜಾರುತ್ತಿದ್ದ ಹಿಂಭಾಗ ಸೆಟೆದು ನಿಂತಿರಬೇಕು. ಬಸವಕಿರಣನಿಗೆ ಲಾರಿಯ ಮೂಲೆ ಮಾತ್ರ ಬಡಿದದ್ದು, ಗಾಲಿ ಅವನ ಮೇಲೆ ಹತ್ತದೆ ಉಳಿದದ್ದು, ಆ ಕಾಲು ಮಾತು ಕೇಳದೆ ಎದ್ದಿದ್ದರಿಂದ. ಅದನ್ನು ಬಲ್ಲವನು ಈ ಭೂಮಿಯ ಮೇಲೆ ಒಬ್ಬನೇ, ಅವನು ರೊಟ್ಟಿ ತಿನ್ನುತ್ತಾ ಕೂತಿದ್ದ.

ನಿಂಗರಾಜು ಎದ್ದ. ಕೈ ತೊಳೆಯದೆ ಹೊರಗೆ ಹೋಗಿ ಬೈಕಿನ ಚೀಲದಿಂದ ಡಬ್ಬಿ ತಂದು ಭಾವನ ಮುಂದಿಟ್ಟ. ಎಂಜಲು ಕೈಯಿಂದಲೇ ಮುಚ್ಚಳ ತೆಗೆದ.

"ಭಾವ, ಗಾಡಿ ಸರಿ ಇರಲಿಲ್ಲ."

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಸತ್ತ ಸೆನ್ಸರು, ಕೆಂಪು ವೈರು, ಹುಬ್ಬಳ್ಳಿಯಿಂದ ಬಂದದ್ದು, ಹಲಗೆಯ ಮೇಲೆ ಕೂತದ್ದು, ಆಯುಧಪೂಜೆಯ ದಿನ ಮುಟ್ಟದೆ ಬಿಟ್ಟದ್ದು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದು, ಆಮೇಲೆ ಕದ್ದು ಸರಿಪಡಿಸಿದ್ದು, ಎಲ್ಲವನ್ನೂ ಹೇಳಿದ. ಶಿವಯೋಗಪ್ಪನವರ ಅವಸರದ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಕೊನೆಗೆ ಹೇಳಿದ, ಹೇಳಿದ ಮೇಲೆ, "ಆದ್ರ ಮಾಡಿದೋನು ನಾನು" ಎಂದೂ ಸೇರಿಸಿದ.

ಸೂರಪ್ಪ ವೈರಿನ ತುಂಡನ್ನು ಎತ್ತಿಕೊಂಡು ಬೆರಳಿಗೆ ಸುತ್ತಿದ, ಬಿಚ್ಚಿದ. ಮತ್ತೆ ಸುತ್ತಿದ. ಬೈದಿದ್ದರೆ, ಎರಡು ಏಟು ಕೊಟ್ಟಿದ್ದರೆ ನಿಂಗರಾಜು ಉಸಿರಾಡುತ್ತಿದ್ದ.

"ಅಂದ್ರ," ಎಂದ ಕೊನೆಗೆ, "ಕಾಲು ಎತ್ತಿದ್ದು ತಪ್ಪಲ್ಲ?"

"ಎತ್ತಿದ್ದಕ್ಕೇ ಆ ಹುಡುಗ ಉಳದಾನ್ರಿ ಭಾವ. ಎತ್ತದಿದ್ರ ಗಾಲಿ ಹತ್ತತಿತ್ತು."

ಸೂರಪ್ಪ ತನ್ನ ಬಲಗಾಲನ್ನು ನೋಡಿಕೊಂಡ. ಮೆಲ್ಲಗೆ ಅದನ್ನು ಇಟ್ಟಿಗೆಯಿಂದ ಕೆಳಗಿಳಿಸಿ, ಮಂಡಿಯನ್ನು ಎರಡೂ ಕೈಯಿಂದ ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಲಾರಿ ಡ್ರೈವರನೊಬ್ಬ ತನ್ನ ಕಾಲನ್ನು ತಬ್ಬಿಕೊಂಡು ಅಳುವುದನ್ನು ನಿಂಗರಾಜು ಅದುವರೆಗೆ ನೋಡಿರಲಿಲ್ಲ.

ಕಮಲಕ್ಕ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ನಾನೇ ಅಂದೆ ಇವ್ರಿಗೆ, ವಯಸ್ಸಾತು ನಿಮಗೆ ಅಂತ" ಎಂದಳು, ಯಾರಿಗೂ ಅಲ್ಲ ಎಂಬಂತೆ. ಬಂದು ಆ ಇಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಹಿತ್ತಲಿಗೆ ಎಸೆದಳು. ತಮ್ಮನ ಮುಖ ನೋಡಲಿಲ್ಲ. ಅವನ ಅರ್ಧ ಉಂಡ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ಹೋದಳು.

"ಭಾವ, ದೀಪ ಆರಿಸಿದ್ದು ದೊಡ್ಡ ತಪ್ಪು. ನನಗೆ…"

"ದೀಪದ ಮಾತು ಬಿಡು" ಎಂದ ಸೂರಪ್ಪ. ದನಿ ಏರಲಿಲ್ಲ. "ಅವಸರದಾಗ ಮಾಡಿದಿ. ಮರತಿ. ಆಗ್ತೈತೆ. ಆದ್ರ ಹತ್ತು ಭಾನುವಾರ ನಾನು ಇಟ್ಟಿಗಿ ತುಳಿಯೋದು ನೋಡ್ಕೊಂತ ಕುಂತು ಉಂಡು ಹೋದೆಲ್ಲೋ ನಿಂಗಾ. ಅದು ಹೆಂಗೆ ಉಂಡಿ?"

ನಿಂಗರಾಜು ಎಂಜಲು ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ.

ಸೂರಪ್ಪ ಎದ್ದು ಮುಖ ತೊಳೆದುಕೊಂಡ. ಟವೆಲ್ಲಿನಿಂದ ಒರೆಸಿಕೊಳ್ಳುತ್ತಾ, "ನಾಳೆ ಕೋರ್ಟಿನಾಗ ಏನು ಹೇಳಬೇಕು ಅಂತ ವಕೀಲ್ರನ್ನ ಕೇಳಾಣ. ಬೆಳಿಗ್ಗೆ ನೀನೂ ಬಾ, ಇದನ್ನೆಲ್ಲಾ ಅವ್ರ ಮುಂದ ಹೇಳು. ಅದಕ್ಕಿಂತ ಮೊದ್ಲು ಹೇಳಬೇಕಾದೋರು ಅದಾರೆ. ಬೈಕಿನ ಕೀಲಿ ಕೊಡು" ಎಂದ.

"ನಾ ಓಡಿಸ್ತೀನ್ರಿ ಭಾವ."

"ಕೀಲಿ ಕೊಡು ಅಂದೆ."

ಅಪಘಾತದ ದಿನದಿಂದ ಸೂರಪ್ಪ ಸೈಕಲ್ಲನ್ನೂ ಮುಟ್ಟಿರಲಿಲ್ಲ. ಈಗ ಬೈಕು ಹತ್ತಿ ಕೂತು, ಬಲಗಾಲಿನಿಂದ ಬ್ರೇಕನ್ನು ಎರಡು ಸಲ ಒತ್ತಿ ನೋಡಿದ. ನಿಂಗರಾಜು ಡಬ್ಬಿ ಹಿಡಿದು ಹಿಂದೆ ಕೂತ. ತಿರುವಿನಲ್ಲಿ, ಆಟೋ ಅಡ್ಡ ಬಂದ ಅದೇ ಜಾಗದಲ್ಲಿ, ಭಾವನ ಬೆನ್ನು ಬಿಗಿಯಾಯಿತು. ಬೈಕು ನಿಧಾನವಾಯಿತು. ಕಾಲು ಬಿಟ್ಟು ಬಿಟ್ಟು ತುಳಿಯುತ್ತಿರುವುದು ಹಿಂದೆ ಕೂತವನಿಗೂ ಗೊತ್ತಾಗುತ್ತಿತ್ತು. ಆಮೇಲೆ ಬೆನ್ನು ಸಡಿಲವಾಯಿತು, ಬೈಕು ಹರಿಹರದ ಕಡೆ ತಿರುಗಿತು.

ಬಸವಕಿರಣನ ಮನೆ ಹೊಳೆಯ ಕಡೆ ಇಳಿಯುವ ಓಣಿಯಲ್ಲಿತ್ತು. ಸೂರಪ್ಪ ಬಾಗಿಲು ತಟ್ಟಿದ. ಉಡಚಮ್ಮ ತೆಗೆದಳು. ಒಳಗೆ ಮಂಚದ ಮೇಲೆ ಹುಡುಗ ಕಾಲು ಚಾಚಿ ಕೂತಿದ್ದ, ಪಕ್ಕದಲ್ಲಿ ವಾಕರ್.

"ಬರ್ರಿ ಸೂರಪ್ಪಣ್ಣ, ಇವತ್ತು ಬೆಳಿಗ್ಗೆ ಬಂದು ಹೋಗಿದ್ರೆಲ್ಲ" ಎಂದಳು ಉಡಚಮ್ಮ. ಆಮೇಲೆ ಹಿಂದೆ ನಿಂತವನನ್ನು ನೋಡಿ, "ಇವ್ರು ಯಾರ್ರಿ?" ಎಂದು ಕೇಳಿದಳು.

ನಿಂಗರಾಜು ಕಾಯ್ದ. ಇಪ್ಪತ್ತನಾಲ್ಕು ವರ್ಷದಿಂದ ಈ ಪ್ರಶ್ನೆ ಬಂದಾಗಲೆಲ್ಲ ಹೆಗಲ ಮೇಲೆ ಬೀಳುತ್ತಿದ್ದ ಕೈಗಾಗಿ ಅವನ ಹೆಗಲು ಕಾದು ನಿಂತಿತು. ಕೈ ಬರಲಿಲ್ಲ. ಸೂರಪ್ಪ ಚಪ್ಪಲಿ ಬಿಟ್ಟು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬಾಗಿಲಿಗೆ ಎದುರಾಗಿ ಅವನೊಬ್ಬನನ್ನೇ ನಿಲ್ಲಿಸಿದ.

"ಕೇಳ್ರಿ, ಅವನೇ ಹೇಳ್ತಾನೆ."

ನಿಂಗರಾಜು ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ತಾಯಿಯನ್ನೂ ನೋಡಿದ, ಮಂಚದ ಮೇಲಿನ ಹುಡುಗನನ್ನೂ ನೋಡಿದ.

"ಅಮ್ಮಾ," ಎಂದ, "ಆ ಲಾರಿ ದೀಪ ಆರಿಸಿದೋನು ನಾನು."